ಲಿಬರೇಟರಿನ ಮೈಬಣ್ಣಗಳು

ಮಹಾಯುದ್ಧಕಾಲದ ವಿಮಾನಗಳನ್ನು ಗುರುತಿಸುವ ವಿದ್ಯೆಯಲ್ಲಿ ಆಸಕ್ತರಾದವರು ಮೊಟ್ಟಮೊದಲು ಅಭ್ಯಾಸಮಾಡಿಕೊಳ್ಳಬೇಕಾದುದು, ಕಣ್ಣನ್ನು ಸೆಳೆಯುವ ಬಣ್ಣವನ್ನು ಕಡೆಗಿರಿಸಿ ಲೋಹದ ಆಕಾರವನ್ನು ಮೊದಲು ಪರಿಶೀಲಿಸುವ ಸಂಯಮವನ್ನು. ಅಮೆರಿಕದ ಬಿ-24 ಲಿಬರೇಟರ್ ಬಾಂಬರಿಗಿಂತ ಉತ್ತಮ ನಿದರ್ಶನ ಇದಕ್ಕೆ ನನಗೆ ತೋರದು. ಅದರ ಚರಿತ್ರೆಯ ಬಹುಮುಖ್ಯವಾದೊಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ರಚಿತವಾಯಿತೆಂಬ ಅಭಿಮಾನವೂ ಈ ಆಯ್ಕೆಗೆ ಕಾರಣ.

ಐದು ಕಾರ್ಖಾನೆಗಳಲ್ಲಿ 18,000ಕ್ಕೂ ಮಿಕ್ಕಿ ತಯಾರಾದ ಈ ವಿಮಾನದ ಪ್ರಭೇದಗಳನ್ನು ಮೂತಿಯಿಂದಲೇ ಸ್ಥೂಲವಾಗಿ ವಿಂಗಡಿಸಬಹುದು. ‘ಡಿ’ ಮಾದರಿಯ ಮೂತಿ ಗಾಜಿನದು. ಶತ್ರುವಿಮಾನಗಳು ಎದುರಿನಿಂದಲೇ ಎರಗತೊಡಗಿದಾಗ ಆ ಗಾಜಿನ ಸ್ಥಾನದಲ್ಲಿ ಸುತ್ತ ತಿರುಗುವ ಬಂದೂಕಿನ ಗೋಪುರವೊಂದನ್ನು ಕೂರಿಸಬೇಕಾಗಿ ಬಂದು, ‘ಎಚ್’ ಮತ್ತು ‘ಜೆ’ ಮಾದರಿಗಳು ಜನ್ಮತಾಳಿದವು. ಇವೆರಡನ್ನು ಹೊರನೋಟದಿಂದ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಪ್ರಯಾಸದ ಕೆಲಸವಾದುದರಿಂದ, ಮಾದರಿಯ ಸಂಖ್ಯೆಯ ಕೊನೆಗೆ ಕಾರ್ಖಾನೆಯನ್ನು ಸೂಚಿಸುವ ಎರಡಕ್ಷರವೇ—ಫೋರ್ಡ್ ಕಾರ್ಖಾನೆಗೆ ‘ಎಫ್‌ಓ’, ಸ್ಯಾನ್ ಡಿಯಾಗೋಗೆ ‘ಸಿಓ’—ಅನೇಕ ವೇಳೆ ನಿರ್ಣಾಯಕವಾಗುತ್ತದೆ.

ಬಣ್ಣದ ಮಾತು ಬೇರೆ. ಆರಂಭದಲ್ಲಿ ಮೇಲುಭಾಗಕ್ಕೆ ಮಾಸಲು ಹಸಿರನ್ನೂ ತಳಕ್ಕೆ ಬೂದುಬಣ್ಣವನ್ನೂ ಬಳಿಯುತ್ತಿದ್ದ ಅಮೆರಿಕನ್ನರು, ಆಕಾಶದಲ್ಲಿ ತಮ್ಮ ಕೈ ಮೇಲಾಗುತ್ತ ಬಂದಂತೆ, ಭಾರವೂ ಶ್ರಮವೂ ಉಳಿಯಲೆಂದು 1944ರ ಹೊತ್ತಿಗೆ ಹೊಳೆಯುವ ಲೋಹವನ್ನು ಹಾಗೆಯೇ ಬಿಡತೊಡಗಿದರು. ಬರ್ಮಾ ರಣಾಂಗಣದಲ್ಲಿ ಬ್ರಿಟಿಷರು ತಮ್ಮ ವೃತ್ತಚಿಹ್ನೆಯ ನಡುವಣ ಕೆಂಪನ್ನೇ ಅಳಿಸಿ ಎರಡು ಬಗೆಯ ನೀಲಿಯನ್ನು ಮಾತ್ರ ಉಳಿಸಿಕೊಂಡುದಾದರೋ, ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಪಕ್ಷದವರೇ ಗುಂಡು ಹಾರಿಸಿಯಾರೆಂಬ ಭಯದಿಂದ. ಆದುದರಿಂದ ಹಳೆಯ ಛಾಯಾಚಿತ್ರವೊಂದರಲ್ಲಿ ಆ ನೀಲಿಯ ವೃತ್ತ ಕಂಡಿತೆಂದರೆ ಸ್ಥಳವನ್ನೂ ಕಾಲವನ್ನೂ ಬಹುಮಟ್ಟಿಗೆ ನಿರ್ಧರಿಸಿಬಿಡಬಹುದು.

ಯುದ್ಧ ಮುಗಿದ ಮೇಲೆ, ಅಮೆರಿಕದಿಂದ ಎರವಲು ಬಂದಿದ್ದ ಈ ವಿಮಾನಗಳನ್ನು ಬ್ರಿಟಿಷರು ಹಿಂದಿರುಗಿಸುವ ಗೋಜಿಗೆ ಹೋಗದೆ, ಮತ್ತಾರೂ ಹಾರಿಸದಂತೆ ವಿರೂಪಗೊಳಿಸಿ ಕಾನ್ಪುರದ ಬಯಲಿನಲ್ಲಿ ಬಿಟ್ಟುಹೋದರು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಭಾರಿ ಬಾಂಬರುಗಳು ಬೇಕಾಗಿದ್ದುವು, ಕೊಳ್ಳಲು ಹಣವಿರಲಿಲ್ಲ. ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ವಿಮಾನಗಳನ್ನು ದುರಸ್ತಿಮಾಡಿ ಅನುಭವ ಗಳಿಸಿದ್ದ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಆಗ ಮುಂದೆ ಬಂದು, ಆ ಕಳೇಬರಗಳಲ್ಲಿ ಸತ್ತ್ವವುಳಿದವನ್ನು ಆರಿಸಿ, ಒಂದರ ಅಂಗವನ್ನು ಮತ್ತೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟರ ಮಟ್ಟಿಗೆ ಸಜ್ಜುಗೊಳಿಸಿತು. ಅವುಗಳನ್ನು ಇಲ್ಲಿಗೆ ಹಾರಿಸಿ ತಂದವರು ಸಂಸ್ಥೆಯ ವೈಮಾನಿಕ ಜಂಶೇದ್ ಮುನ್ಷಿ. ಪರರು ಬುದ್ಧಿಪೂರ್ವಕವಾಗಿ ಕೆಡಿಸಿದ ಯಂತ್ರವನ್ನು ನೆಚ್ಚಿ ಅಷ್ಟು ದೂರ ಆಕಾಶಕ್ಕೇರುವುದು ಎಂತಹ ಧೈರ್ಯವೆಂಬುದನ್ನು ನೆನೆದಾಗ ಇಂದಿಗೂ ಮನಸ್ಸು ಪುಲಕಗೊಳ್ಳುತ್ತದೆ. ಹೀಗೆ ಮರುಜನ್ಮ ಪಡೆದವುಗಳಿಂದ 1948ರ ನವೆಂಬರಿನಲ್ಲಿ ವಾಯುಸೇನೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು. ಅನಂತರ 6ನೆಯ ಸ್ಕ್ವಾಡ್ರನ್ ಇವನ್ನೇ ಸಮುದ್ರದ ಕಾವಲಿಗೆ ಬಳಸಿತು. 1968ರಲ್ಲಿ ಇವು ನಿವೃತ್ತವಾದಾಗ ಇತರೆಡೆಗಳ ಲಿಬರೇಟರುಗಳು ಕರಗಿ ಬಹುಕಾಲವಾಗಿತ್ತು.

ಆಗ ಜಗತ್ತಿನ ವಸ್ತುಸಂಗ್ರಹಾಲಯಗಳೆಲ್ಲ ಭಾರತದತ್ತ ತಿರುಗಿದವು. ಕೆನಡಾಕ್ಕೆ ಒಂದು, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಒಂದು, ಬ್ರಿಟನ್ನಿನ ವಾಯುಸೇನಾ ಸಂಗ್ರಹಾಲಯಕ್ಕೆ ಒಂದು ತೆರಳಿದುವು. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿದ ‘ಜೆ’ ಮಾದರಿಯೊಂದು 1989ರಲ್ಲಿ ಮತ್ತೆ ಹಾರಿ, ‘ಆಲ್ ಅಮೆರಿಕನ್’, ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’, ‘ವಿಚ್‌ಕ್ರಾಫ್ಟ್’ ಎಂಬ ಮೂರು ವೇಷಗಳನ್ನು ಅನುಕ್ರಮವಾಗಿ ಧರಿಸಿತು. ಆ ಹೆಸರಿನ ಮೂಲ ವಿಮಾನಗಳ ಯೋಧರನ್ನು ಸ್ಮರಿಸುವ ಉದ್ದೇಶ ಗೌರವಾರ್ಹವೇ. ಆದರೆ ಯುದ್ಧದಲ್ಲಿ ತಿಂಗಳುಗಳನ್ನು ಮಾತ್ರ ಕಳೆದು ಭಾರತದ ತ್ರಿವರ್ಣ ವೃತ್ತದಡಿಯಲ್ಲಿ ವರ್ಷಗಳನ್ನೇ ಸವೆಸಿದ ವಿಮಾನವೊಂದರ ಮೈಮೇಲೆ ಆ ದೀರ್ಘಸೇವೆಯ ಗುರುತೇ ಉಳಿಯದಿದ್ದುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. ಬ್ರಿಟನ್ನಿನ ಸಂಗ್ರಹಾಲಯವಾದರೋ ಪರರ ವೇಷಕ್ಕೆ ಕೈಹಾಕದೆ, 1974ರಲ್ಲಿ ಭಾರತದಿಂದ ಪಡೆದ ತನ್ನ ಫೋರ್ಡ್ ನಿರ್ಮಿತ ಲಿಬರೇಟರಿಗೆ ಅದರದೇ ಹಳೆಯ ಸಂಖ್ಯೆಯಾದ ಕೆಎನ್ 751 ಅನ್ನು ಬರೆಸಿದೆ. ನಮ್ಮ ಪಾಲಿಗೆ ಉಳಿದುದು ದೆಹಲಿಯ ಪಾಲಂನಲ್ಲಿ, ಭಾರತೀಯ ವಾಯುಸೇನೆಯ ಚಿಹ್ನೆಯೊಡನೆಯೇ ನಿಂತಿದೆ.