‘ಎಲ್ಲಿಂದ ಬಂದೆ?’ ಎಂದು ಕೇಳಿದ ರೂಟರ್

1980ರ ದಶಕದ ಮೊದಲರ್ಧ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಚೆರಿಟನ್ ಅವರ ತಂಡ ಹಲವು ಕಂಪ್ಯೂಟರ್‌ಗಳನ್ನು ಒಂದೇ ಯಂತ್ರದಂತೆ ದುಡಿಸುವ ‘ವಿ’ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿತ್ತು. ಒಂದೇ ಈಥರ್‌ನೆಟ್ ತಂತಿಯ ಮೇಲಿದ್ದ ಯಂತ್ರಗಳಿಗೆ ಕಷ್ಟವಿರಲಿಲ್ಲ. ಒಮ್ಮೆ ಕೂಗಿದರೆ ಗುಂಪಿಗೆಲ್ಲ ಕೇಳುತ್ತಿತ್ತು. ಕ್ಯಾಂಪಸ್ಸಿನ ಇನ್ನೊಂದು ಮೂಲೆಯ ಯಂತ್ರಗಳನ್ನೂ ಸೇರಿಸಿಕೊಳ್ಳಲು ಹೋದಾಗ ಜಾಲಗಳನ್ನು ಜೋಡಿಸುವ ರೂಟರ್ ಅಡ್ಡ ಬಂತು. ಅದು ಆ ಕೂಗನ್ನು ದಾಟಿಸುತ್ತಿರಲಿಲ್ಲ. ದಾಟಿಸುವ ದಾರಿ ಹುಡುಕಲು ಕೂತವರು ಸಂಶೋಧನಾ ವಿದ್ಯಾರ್ಥಿ ಸ್ಟೀವ್ ಡೀರಿಂಗ್.

ಸಾಮಾನ್ಯ ಪ್ಯಾಕೆಟ್ಟಿಗೆ ಸೇರಬೇಕಾದ ಮನೆ ಒಂದೇ. ಗುಂಪಿನ ವಿಳಾಸಕ್ಕೆ ಊರೇ ಇಲ್ಲ. ಹಾಗೆಂದು ಎಲ್ಲ ದಿಕ್ಕಿಗೂ ನಕಲು ಬಿಟ್ಟರೆ ಅವು ಸುತ್ತಿ ಬಂದು, ಮತ್ತೆ ನಕಲಾಗಿ, ಜಾಲವನ್ನೇ ಮುಳುಗಿಸುತ್ತವೆ. ಇದಕ್ಕೆ ಕೀಲಿಕೈ ಆಗಲೇ ಸಿದ್ಧವಿತ್ತು. ಬಾಂಬೆ ಐಐಟಿಯಲ್ಲಿ ಓದಿ ಹೋಗಿದ್ದ ಯೋಗೇನ್ ದಲಾಲ್, ರಾಬರ್ಟ್ ಮೆಟ್‌ಕಾಫ್ ಜೊತೆ 1978ರಲ್ಲಿ ಪ್ರಕಟಿಸಿದ ಲೇಖನ ಪ್ರಶ್ನೆಯನ್ನೇ ತಿರುಗಿಸಿ ಹಾಕಿತ್ತು: ಎಲ್ಲಿಗೆ ಹೋಗುತ್ತೀ ಅಲ್ಲ, ಎಲ್ಲಿಂದ ಬಂದೆ? ಕಳುಹಿಸಿದವನತ್ತ ತಾನು ಹೋಗುವ ಬಾಗಿಲಿನಿಂದಲೇ ಪ್ಯಾಕೆಟ್ ಬಂದಿದ್ದರೆ ರೂಟರ್ ಮುಂದಕ್ಕೆ ಬಿಡಬೇಕು; ಬೇರೆ ಬಾಗಿಲಿನಿಂದ ಬಂದಿದ್ದರೆ ಎಸೆಯಬೇಕು. ಇದೇ ರಿವರ್ಸ್ ಪಾತ್ ಫಾರ್ವರ್ಡಿಂಗ್, ಅಂದರೆ ಆರ್‌ಪಿಎಫ್. ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಇಷ್ಟೇ.

ಡೀರಿಂಗ್ ಇದಕ್ಕೆ ಕೇಳುಗರ ಇಚ್ಛೆಯನ್ನು ಸೇರಿಸಿದರು. ಬೇಕಾದ ಯಂತ್ರ ಗುಂಪಿಗೆ ಸೇರುತ್ತದೆ. ಯಾರಿಗೂ ಬೇಡದ ಜಾಲದ ಕೊಂಬೆಯನ್ನು ರೂಟರ್ ಕತ್ತರಿಸುತ್ತದೆ. ಬೇಕೆಂದ ಗುಂಪಿಗಷ್ಟೇ ತಲುಪಿಸುವ ಈ ವಿಧಾನವೇ ಮಲ್ಟಿಕಾಸ್ಟ್. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ, ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಭೆಯ ಮಾತು ಹೀಗೆ ಮೂರು ಖಂಡಗಳ 20 ಕಡೆ ನೇರವಾಗಿ ಕೇಳಿಸಿತು. ಮಾರುಕಟ್ಟೆಯ ರೂಟರ್‌ಗಳಿಗೆ ಆಗಿನ್ನೂ ಈ ವಿದ್ಯೆ ಬರುತ್ತಿರಲಿಲ್ಲ. ಯೂನಿಕ್ಸ್ ಯಂತ್ರಗಳೇ ಅವುಗಳ ಮೂಲಕ ಸುರಂಗ ಕೊರೆದು ಆ ಕೆಲಸ ಮಾಡಿದವು.

ಆದರೆ ಮೊದಲು ಎಲ್ಲೆಡೆ ಹರಿಸಿ ಆಮೇಲೆ ತೂಬು ಮುಚ್ಚುವ ಕ್ರಮ ದೊಡ್ಡ ಜಾಲಕ್ಕೆ ಒಗ್ಗಲಿಲ್ಲ. ಡೀರಿಂಗ್, ಡೆಬೊರಾ ಎಸ್ಟ್ರಿನ್, ವ್ಯಾನ್ ಜೇಕಬ್‌ಸನ್ ಮತ್ತಿತರರು 1994ರಲ್ಲಿ ಮುಂದಿಟ್ಟ ಪಿಮ್ ಎಂಬ ವಿಧಾನ, ತನ್ನ ಸ್ಪಾರ್ಸ್ ಮೋಡ್‌ನಲ್ಲಿ, ಕೇಳಿದವರಿಗೆ ಮಾತ್ರ ತೂಬು ತೆರೆಯಿತು. ಅದಕ್ಕೆ ಸ್ವಂತ ದಾರಿಪಟ್ಟಿಯೂ ಬೇಡ, ರೂಟರ್‌ನಲ್ಲಿ ಇರುವುದೇ ಸಾಕು.

ಇಂದು ರೂಟರ್ ಮುಂದೆ ಕೂತವರು ಮಲ್ಟಿಕಾಸ್ಟ್ ರೂಟಿಂಗ್ ಚಾಲೂ ಮಾಡಿ, ಇಂಟರ್‌ಫೇಸ್‌ಗಳಲ್ಲಿ ಪಿಮ್ ಸ್ಪಾರ್ಸ್ ಮೋಡ್ ಹಾಕಿ, ಎಲ್ಲರೂ ಸಂಧಿಸುವ ಆರ್‌ಪಿ ವಿಳಾಸ ಕೊಡುತ್ತಾರೆ. ಇಷ್ಟಾದರೂ ವಿಡಿಯೊ ಬರದಿದ್ದರೆ ಕಾನ್ಫಿಗರೇಶನ್ ಅಳಿಸಿ ಮತ್ತೆ ಬರೆಯಲು ಹೋಗಬೇಡಿ. ರೂಟರ್ ಈಗಲೂ ಕೇಳುವುದು ‘ಎಲ್ಲಿಂದ ಬಂದೆ?’ ಎಂದೇ; ಹಾಗಾಗಿ ಮೂಲದತ್ತ ಹೋಗುವ ದಾರಿ ಯಾವ ಇಂಟರ್‌ಫೇಸ್‌ನಲ್ಲಿದೆ, ಅಲ್ಲಿ ಪಿಮ್ ಇದೆಯೇ ಎಂದು ಮೊದಲು ನೋಡಿ.