ಮಿರಜಿನಲ್ಲಿ ಡಾಕ್ಟರರನ್ನು ಬೆಳೆಸಿದ ಡಾಕ್ಟರ್

‘ಇಲ್ಲಿ ಆಗಂಗಿಲ್ಲ, ಮಿರಜಿಗಿ ಒಯ್ರಿ.’ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಿರಿಯರ ಬಾಯಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕುಡಚಿಯಲ್ಲಿ ರೈಲು ಹತ್ತಿ ಕೃಷ್ಣೆ ದಾಟಿದರೆ ಉಗಾರ, ಶೇಡಬಾಳ, ಆಮೇಲೆ ಮಿರಜ.

ಮಿರಜಿಗೆ ಈ ಹೆಸರು ತಂದವರು ಡಾ. ವಿಲಿಯಂ ವಾನ್ಲೆಸ್. 1865ರಲ್ಲಿ ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ, 1889ರಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಬಂದರು. ಮೊದಲು ಸಾಂಗ್ಲಿಯಲ್ಲಿ ದವಾಖಾನೆ; 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ. ಶಸ್ತ್ರಕ್ರಿಯೆಯಲ್ಲಿ ಪಳಗಿದ ಕೈ ಅವರದು.

ಆದರೆ ಬರುವ ಮಂದಿಗೆ ಒಬ್ಬರ ಕೈ ಎಲ್ಲಿ ಸಾಕಾದೀತು? 1897ರಲ್ಲಿ ಅವರು ಅಲ್ಲೇ ವೈದ್ಯಕೀಯ ಶಾಲೆ ತೆರೆದರು. ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ, ಬೆಳಗಾವಿಗೆ 1963ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲಿನ ಮಾತಿದು! ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದೇ. 1928ರಲ್ಲಿ ‘ಸರ್’ ಪದವಿ ಬಂತು. ಆ ವರ್ಷವೇ ನಿವೃತ್ತರಾದರು. 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಡಾ. ಚಾರ್ಲ್ಸ್ ವೇಲ್ ಆಸ್ಪತ್ರೆಯನ್ನು ಮುಂದುವರಿಸಿದರು. 1962ರಲ್ಲಿ ಮಿರಜಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು.

1956ರಲ್ಲಿ ರಾಜ್ಯಗಳ ಗೆರೆ ಎಳೆದರು, ಮಿರಜ ಆಚೆಗೆ ಉಳಿಯಿತು. ಬ್ಯಾನಿಗೆ ಗೆರೆ ಗೊತ್ತಿಲ್ಲ. ಗಡಿ ತಾಲ್ಲೂಕಿನವರು ನಾವು ಬರೀ ಕಟ್ಟಡ, ಮಂಚ ಕೇಳಿದರೆ ಸಾಲದು. ಹಳ್ಳಿಯ ಮುದುಕಿ ‘ಎದಿ ಉರೀತದ್ರಿ’ ಅಂದರೆ ತಿಳಿದುಕೊಳ್ಳುವ, ತನ್ನ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸುವ ಡಾಕ್ಟರನ್ನೂ ಕೇಳಬೇಕು.