ಗುಂಡಿಗಿಂತ ಹೆಚ್ಚು ಕೊಂದದ್ದು ಕೊಳಕು

ಯುದ್ಧದಲ್ಲಿ ಸೈನಿಕರು ಗುಂಡೇಟಿಗೇ ಸಾಯುತ್ತಾರೆಂದು ನೀವು ಭಾವಿಸಿರಬಹುದು. 1854ರಿಂದ 1856ರ ವರೆಗೆ ಬ್ರಿಟನ್, ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯದ ಜೊತೆಗೂಡಿ ರಷ್ಯಾದ ವಿರುದ್ಧ ಕ್ರೈಮಿಯಾದಲ್ಲಿ ಹೋರಾಡಿತು. ಕೈಗಾರಿಕಾ ಕ್ರಾಂತಿ ಬ್ರಿಟಿಷ್ ಸೇನೆಗೆ ಉಗಿಹಡಗು, ಟೆಲಿಗ್ರಾಫ್, ದೂರಕ್ಕೆ ಗುರಿಯಿಡುವ ಹೊಸ ಬಂದೂಕುಗಳನ್ನು ಕೊಟ್ಟಿತ್ತು. ಆದರೂ ಮಡಿದ ಸುಮಾರು 21,000 ಬ್ರಿಟಿಷ್ ಸೈನಿಕರಲ್ಲಿ 16,000ಕ್ಕೂ ಹೆಚ್ಚು ಮಂದಿ ಬಲಿಯಾದದ್ದು ಕಾಲರಾ, ಭೇದಿ, ಜ್ವರದಂತಹ ರೋಗಗಳಿಗೆ.

ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ ತುರ್ಕಿ ಸೇನೆಯ ವಸತಿ ಕಟ್ಟಡವೇ ಇವರ ಆಸ್ಪತ್ರೆಯಾಗಿತ್ತು. ಅದರ ಕೆಳಗಿನ ಚರಂಡಿಗಳು ಕಟ್ಟಿಕೊಂಡಿದ್ದವು, ಒಳಗೆ ಗಾಳಿಯಾಡುತ್ತಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ದಾದಿಯರೊಂದಿಗೆ ಬಂದ ಮೇಲೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿ ತೊಳೆಸಿತು, ಗಾಳಿಗೆ ದಾರಿ ಮಾಡಿತು, ನೀರಿನ ಮೂಲವನ್ನು ಶುಚಿಗೊಳಿಸಿತು. ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು.

ಅದೇ ವರ್ಷ ಇಂಜಿನಿಯರ್ ಬ್ರೂನೆಲ್ ವಿನ್ಯಾಸಗೊಳಿಸಿದ ಮರದ ಆಸ್ಪತ್ರೆಯ ಬಿಡಿಭಾಗಗಳು ಬ್ರಿಟನ್‌ನಿಂದ ಹಡಗಿನಲ್ಲಿ ಬಂದು ದಾರ್ದನೆಲ್ಸ್ ಬಳಿ ಜೋಡಣೆಯಾದವು. ಅದರ ವಾರ್ಡುಗಳಿಗೆ ಗಾಳಿಯಂತ್ರ, ಶೌಚಾಲಯ ಎರಡೂ ಇದ್ದವು. ಕೊಲ್ಲಲು ನೆರವಾದ ಕೈಗಾರಿಕೆ ಉಳಿಸಲೂ ನೆರವಾಯಿತು.

ನಿಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಔಷಧಿಯ ಜೊತೆಗೆ ನೀರಿನ ತೊಟ್ಟಿ, ಚರಂಡಿ, ಕಿಟಕಿಗಳ ಕಡೆಗೂ ಗಮನ ಕೊಡಿ.